ನಾತಾಳದ ಅರ್ಧ ತಾಸು

ನಮ್ಮ ಮನೆಯ ಮಾಳಿಗೆಯ ಮೇಲೆ ಬಿಸಿಲಿಗೆ ಏನು ಬೇಕಾದರೂ ಇಡಬಹುದು, ಸೆಲ್ಲು ಮಾತ್ರ ಇಡುವಂತಿಲ್ಲ. ಮೆಣಸಿನಕಾಯಿ ಇಡಲಿ, ಹಾಸಿಗೆ ಇಡಲಿ, ಬೇಕಾದರೆ ನನ್ನನ್ನೇ ಒಂದು ಕುರ್ಚಿಯಲ್ಲಿ ಕೂರಿಸಿ ಇಡಲಿ, ತಕರಾರಿಲ್ಲ. ಆದರೆ ಮೊನ್ನೆ ಮಾಳಿಗೆ ಹತ್ತಿದಾಗ ನೋಡುತ್ತೇನೆ, ಕೆಂಪು ಮೆಣಸಿನಕಾಯಿಯ ರಾಶಿಯ ಬದಿಗೆ ನಮ್ಮ ಟ್ರಾನ್ಸಿಸ್ಟರಿನ ನಾಲ್ಕು ಸೆಲ್ಲುಗಳು ಬೀಗರ ಮನೆಗೆ ಬಂದವರಂತೆ ಕಾಲು ಚಾಚಿ ಮೈ ಕಾಯಿಸಿಕೊಳ್ಳುತ್ತಿವೆ. ನಾನು ಅವನ್ನು ಅಂಗವಸ್ತ್ರದಲ್ಲಿ ಸುತ್ತಿಕೊಂಡು, ಯಾರೋ ಬೆನ್ನು ಹತ್ತಿದವರ ಹಾಗೆ ಏಣಿ ಇಳಿದು ಬಂದೆ. ಅಡಿಗೆಮನೆಯಿಂದ ನನ್ನ ಹೆಂಡತಿ ನೋಡಿದಳು.

"ಊರ ಮಂದಿಯೆಲ್ಲಾ ಇಡತಾರ. ಬಿಸಿಲಿಗಿಟ್ರ ಇನ್ನೂ ಎಂಟು ದಿನ ನಡೀತಾವ. ನಿಮಗೊಬ್ಬರಿಗೆ ಅದೇನ ದೆವ್ವ ಬಡಕೊಂಡೈತಿ?" ಅಂದಳು.

ಮದುವೆಯಾಗಿ ಇಷ್ಟು ವರ್ಷವಾದರೂ ಆ ದೆವ್ವದ ಹೆಸರನ್ನು ನಾನು ಅವಳಿಗೆ ಹೇಳಿಲ್ಲ. ಅದು ನನ್ನನ್ನು ಹಿಡಿದ ಕಾಲಕ್ಕೆ ಅವಳು ಹುಕ್ಕೇರಿಯಲ್ಲಿ ನಮ್ಮ ಮನೆಯಲ್ಲಿದ್ದಳು, ನಾನು ಕುಲಗೋಡದ ಆಚೆ ಒಂದು ಹಳ್ಳಿಯ ಸಾಲೆಯಲ್ಲಿ ಮಾಸ್ತರನಾಗಿ ಒಂದು ಕೋಣೆ ಹಿಡಿದುಕೊಂಡಿದ್ದೆ. ರಜೆಗೆ ಊರಿಗೆ ಬಂದಾಗ ಎಲ್ಲ ಸುದ್ದಿ ಹೇಳುತ್ತಿದ್ದೆ. ಇದೊಂದನ್ನು ಹೇಳಲು ಬಾಯಿ ಬರಲಿಲ್ಲ.

ಸೆಲ್ಲು ಕೈಯಲ್ಲಿ ಹಿಡಿದು ಹೊರಗೆ ಕಟ್ಟೆಯ ಮೇಲೆ ಕೂತರೆ ಅಲ್ಲಿಗೂ ಅದೇ ಬಂತು. ಬಾಜೂ ಮನೆಯ ದೇಸಾಯರು ಪತ್ರಿಕೆ ಹಿಡಿದುಕೊಂಡು ಬಂದರು. ಅವರು ನಿವೃತ್ತರು. ಪತ್ರಿಕೆಯಲ್ಲಿ ಓದುಗರ ಪತ್ರ ಬರುವ ಮೂಲೆಯನ್ನು ಅವರು ತಮ್ಮ ಹೊಲದಂತೆ ನೋಡಿಕೊಳ್ಳುತ್ತಾರೆ. ಎಂಟು ದಿನದಿಂದ ಅಲ್ಲಿ ಒಂದು ಜಗಳ ನಡೆದಿದೆಯಂತೆ. ಕ್ರಿಸ್ಮಸ್ಸಿಗೆ ರೇಡಿಯೋದವರು ಕೊಡುವ ದೇವರ ಕಾರ್ಯಕ್ರಮ ಸಾಲದು, ದಿನವಿಡೀ ಸಿನೆಮಾ ಹಾಡು ಹಾಕಿ ದೇವರಿಗೆ ಅರ್ಧ ತಾಸು ಎಸೆಯುವುದು ಅವಮಾನ ಎಂದು ಒಬ್ಬರು ಬರೆದಿದ್ದಾರೆ. ಸರಕಾರದ ರೇಡಿಯೋದಲ್ಲಿ ಯಾವ ದೇವರಿಗೂ ಅರ್ಧ ತಾಸು ಯಾಕೆ ಎಂದು ಇನ್ನೊಬ್ಬರು. ಮೂರನೆಯವರು ಇನ್ನೂ ಮುಂದೆ ಹೋಗಿ, ದಿಲ್ಲಿಯಲ್ಲಿ ಈಗಾಗಲೇ ಚಿತ್ರ ಕಾಣುವ ಪೆಟ್ಟಿಗೆ, ಟೆಲಿವಿಷನ್ ಬಂದಿದೆ, ನಾಳೆ ಅದು ನಮ್ಮ ಕಡೆ ಬಂದಾಗ ಇಗರ್ಜಿಯ ಪೂಜೆಯನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ತೋರಿಸಬೇಕೋ ಬೇಡವೋ ಈಗಲೇ ತೀರ್ಮಾನವಾಗಲಿ ಎಂದಿದ್ದಾರೆ. ದೇಸಾಯರು ನಾಲ್ಕನೆಯವರಾಗಿ ಬರೆಯಲು ಕೂತಿದ್ದರು. ಯಾವ ಕಡೆಗೆ ಬರೆಯಬೇಕೆಂಬುದು ಇನ್ನೂ ಗೊತ್ತಾಗಿರಲಿಲ್ಲ.

"ನೀವು ಶಾಣ್ಯಾರ, ನೀವ ಹೇಳ್ರಿ. ನಾತಾಳಕ್ಕ ದೇವರದು ಹೆಚ್ಚಾಗಬೇಕೋ, ಕಡಿಮಿ ಆಗಬೇಕೋ?"

ನಮ್ಮ ಕಡೆ ಕ್ರಿಸ್ಮಸ್ಸಿಗೆ ನಾತಾಳ ಅನ್ನುತ್ತೇವೆ. ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆಂದು ಹೇಳಿ ಎದ್ದು ಒಳಗೆ ಓಡಿದೆ. ಒಲೆಯ ಮೇಲೆ ಹಾಲಿರಲಿಲ್ಲ. ಇಲ್ಲವೆಂದು ಗೊತ್ತಿದ್ದೂ ಹೋಗಿ ನೋಡಿ ಬಂದೆ. ನನ್ನ ಸ್ವಭಾವ ಅಂಥದು.

ಚಿಂತೆ ನನಗೆ ಹವ್ಯಾಸವಲ್ಲ, ಎರಡನೇ ನೌಕರಿ. ಮೊದಲನೆಯದರ ಪಗಾರಕ್ಕೆ ಸಹಿ ಮಾಡುತ್ತೇನೆ, ಇದಕ್ಕೆ ಪಗಾರವಿಲ್ಲ, ರಜೆಯೂ ಇಲ್ಲ. ಮನೆಗೆ ಕೀಲಿ ಹಾಕಿ ಹತ್ತು ಹೆಜ್ಜೆ ನಡೆದು ತಿರುಗಿ ಬಂದು ಜಗ್ಗಿ ನೋಡುತ್ತೇನೆ. ಜಗ್ಗಿದ್ದಕ್ಕೇ ಸಡಿಲಾಯಿತೇನೋ ಎಂದು ಮತ್ತೊಮ್ಮೆ ಬರುತ್ತೇನೆ. ಒಂದು ವರ್ಷ ಸಾಲೆಯ ಮಕ್ಕಳನ್ನು ಗೋಕಾಕ ಫಾಲ್ಸ್ ತೋರಿಸಲು ಕರೆದುಕೊಂಡು ಹೋಗಿದ್ದೆ. ಘಟಪ್ರಭೆ ತುಂಬಿ ಕೆಂಪಾಗಿ ಧುಮುಕುತ್ತಿದ್ದಳಂತೆ. ಅಂತೆ ಅನ್ನುತ್ತೇನೆ, ಯಾಕೆಂದರೆ ನಾನು ನೋಡಲಿಲ್ಲ, ನೀರಿಗೆ ಬೆನ್ನು ಮಾಡಿ ಮಕ್ಕಳನ್ನು ಎಣಿಸುತ್ತಿದ್ದೆ. ಹದಿನೇಳು ಸಲ ಎಣಿಸಿದೆ. ಒಂದೊಂದು ಸಲ ಒಂದೊಂದು ಲೆಕ್ಕ ಬಂತು. ಒಮ್ಮೆಯಂತೂ ಕರೆತಂದವರಿಗಿಂತ ಇಬ್ಬರು ಹೆಚ್ಚಾದರು, ಆ ಇಬ್ಬರ ಚಿಂತೆ ಬೇರೆ. ಈ ನನ್ನ ಚಿಂತೆ ಈವರೆಗೆ ಒಂದೇ ಒಂದು ಕೆಡುಕನ್ನು ತಡೆದದ್ದಿಲ್ಲ. ಕೆಡುಕಿಗೆ ದಾರಿ ತೋರಿಸಿದ್ದುಂಟು. ಅದನ್ನೇ ಹೇಳಹೊರಟಿದ್ದೇನೆ.

ನಾವು ಇನ್ನೂ ಮುಂಬಯಿ ರಾಜ್ಯದಲ್ಲಿದ್ದ ಕಾಲ. ಆ ಹಳ್ಳಿಯ ಪಂಚಾಯತಿಗೆ ಸರಕಾರದಿಂದ ಒಂದು ರೇಡಿಯೋ ಬಂತು. ಜೀಪಿನಲ್ಲಿ ಒಬ್ಬ ಮೆಕ್ಯಾನಿಕ್ ಬಂದು, ಚಾವಡಿಯ ಮಾಳಿಗೆಗೂ ಸಾಲೆಯ ಮಾಳಿಗೆಗೂ ಬಿದಿರಿನ ಗಳ ನಿಲ್ಲಿಸಿ, ನಡುವೆ ತಂತಿ ಎಳೆದು, ಒಂದೇ ನಿಲಯ ಹಿಡಿಯುವಂತೆ ಪೆಟ್ಟಿಗೆಯನ್ನು ಬಿಗಿದು ಹೋದ. ಕರೆಂಟು ಊರಿಗೆ ಬಂದಿರಲಿಲ್ಲ. ಇಟ್ಟಂಗಿಗಿಂತ ದೊಡ್ಡದಾದ, ರಟ್ಟಿನ ಮೈಯ, ನೆತ್ತಿಗೆ ಡಾಂಬರು ಬಳಿದ ಒಂದು ಬ್ಯಾಟರಿಯ ಮೇಲೆ ಅದು ನಡೆಯಬೇಕು. ಆ ಬ್ಯಾಟರಿ ತೀರಿದರೆ ಮತ್ತೆ ಜೀಪು ಬರುವವರೆಗೆ ಮೌನ. ಪೆಟ್ಟಿಗೆಯ ಕೀಲಿಯನ್ನು ಗೌಡರು ನನ್ನ ಕೈಗೆ ಕೊಟ್ಟರು. ಕಲಿತವರ ಕೈಯಲ್ಲಿರಲಿ ಅಂದರು. ಅಂದಿನಿಂದ ನನಗೆ ಜಗ್ಗಿ ನೋಡಲು ಎರಡು ಕೀಲಿಗಳಾದವು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಚಾವಡಿ ತುಂಬುತ್ತಿತ್ತು. ಮೊದಲು ಒಕ್ಕಲುತನದ ಮಾತು, ಆಮೇಲೆ ಬಾಜಾರದ ಭಾವ, ಆಮೇಲೆ ವಚನವೋ ಭಜನೆಯೋ. ಯಮನಪ್ಪಜ್ಜ ಎಂಬ ಹಿರಿಯರಿದ್ದರು. ಭಜನೆ ಶುರುವಾದ ಕೂಡಲೆ ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟು ಕೈ ಮುಗಿದು ಕೂಡುವರು, ಮುಗಿದ ಮೇಲೆ ಸುತ್ತಿಕೊಳ್ಳುವರು. ಒಂದು ದಿನ ರೇಡಿಯೋದವರು ಯಾವ ಸೂಚನೆಯೂ ಇಲ್ಲದೆ ಸಾಲು ಬದಲಿಸಿ, ಭಜನೆ ಅರ್ಧಕ್ಕೆ ನಿಲ್ಲಿಸಿ ಹತ್ತಿಯ ಧಾರಣಿ ಹೇಳಿಬಿಟ್ಟರು. ಅಜ್ಜ ಬರಿದಲೆಯಲ್ಲಿ ಕೈ ಮುಗಿದುಕೊಂಡು ಹತ್ತಿಯ ಧಾರಣಿ ಕೇಳಿದರು. "ದೇವರ ಮುಂದ ಬಿಚ್ಚೂದನ್ನ ದಲ್ಲಾಳಿ ಮುಂದ ಬಿಚ್ಚಿಸಿದ್ರಲ್ರಿ ಮಾಸ್ತರ" ಎಂದು ಎಂಟು ದಿನ ನನ್ನ ಸಂಗಡ ಮಾತು ಬಿಟ್ಟರು. ಪೆಟ್ಟಿಗೆಯೊಳಗೆ ನಾನೇ ಕೂತು ಹೇಳುತ್ತೇನೆಂಬಂತೆ ಎಲ್ಲರ ದೂರೂ ನನಗೇ ಬರುತ್ತಿತ್ತು. ಲಿಂಗವಂತರ ಓಣಿಯವರಿಗೆ ವಚನ ಸಾಲದು. ವಾರಕರಿಗಳಿಗೆ ವಿಠ್ಠಲನ ಹಾಡು ಸಾಲದು. ಭಾವ ಕೇಳುವವರಿಗೆ ದೇವರೇ ಹೆಚ್ಚು. ಹೀಗೆ, ದೇವರನ್ನು ಎಷ್ಟು ಹೊತ್ತು ಕೇಳಿಸಬೇಕೆಂಬ ಜಗಳವನ್ನು ದೇಸಾಯರ ಪತ್ರಿಕೆಗಿಂತ ಬಹಳ ಮೊದಲೇ ನಾನು ಅನುಭವಿಸಿ ಮುಗಿಸಿದ್ದೇನೆ.

ಊರಲ್ಲಿ ಒಂದು ಕೋಣೆಯ ದವಾಖಾನೆ ಇತ್ತು, ಅಲ್ಲಿ ನರ್ಸಬಾಯಿ ಇದ್ದರು. ಹೆಸರು ರೂತಾಬಾಯಿ, ವಯಸ್ಸು ನನಗಿಂತ ಹತ್ತು ವರ್ಷ ಹೆಚ್ಚು. ಗಂಡ ತೀರಿಕೊಂಡಿದ್ದರು. ಬಿಳಿ ಸೀರೆ, ಹೆಗಲ ಹತ್ತಿರ ಪಿನ್ನಿಗೆ ತೂಗುವ ಒಂದು ಗಡಿಯಾರ. ನಾನು ಸಾಲೆಯ ಗಂಟೆ ಹೊಡೆಸುತ್ತಿದ್ದದ್ದು ಆ ಗಡಿಯಾರ ನೋಡಿ. ಊರಿನ ಸಣ್ಣ ಮಕ್ಕಳೆಲ್ಲ ಅವರ ಕೈಯಲ್ಲಿ ಭೂಮಿಗೆ ಬಂದವರು. ಅವರೊಬ್ಬರೇ ಕ್ರಿಶ್ಚನ್ನರು. ಅವರ ಹಿರಿಯರು ಯಾವ ಕೇರಿಯಿಂದ ಆ ಧರ್ಮಕ್ಕೆ ಹೋದವರೆಂದು ಊರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಅನ್ನುತ್ತಿರಲಿಲ್ಲ. ಹೆರಿಗೆಯ ಹೊತ್ತಿಗೆ ಯಾವ ಮನೆಯ ಒಳಕೋಣೆಗೂ ಅವರು ನೇರ ಹೋಗಬಹುದಿತ್ತು. ಸಂಜೆ ರೇಡಿಯೋ ಕೇಳಲು ಮಾತ್ರ ಚಾವಡಿಯಿಂದ ಈಚೆ, ಸಾಲೆಯ ಗೋಡೆಗೆ ಒರಗಿ ನಿಲ್ಲುತ್ತಿದ್ದರು. ಮ್ಯಾಲ ಬಾ ಅಂತ ಯಾರೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಅಂದರೆ ಏನಾದೀತೋ ಎಂಬ ಚಿಂತೆ.

ಒಂದು ಡಿಸೆಂಬರಿನಲ್ಲಿ, ಮೂಡಲಗಿ ಸಂತೆಯ ದಿನ, ಅವರಿಗೆ ಮಗಳ ಕಾಗದ ಬಂತು. ಮಗಳು ಕರುಣಾ ದೂರದ ಒಂದು ಮಿಶನ್ ಆಸ್ಪತ್ರೆಯಲ್ಲಿ ನರ್ಸಿನ ಕೆಲಸ ಕಲಿಯುತ್ತಿದ್ದಳು. ಈ ನಾತಾಳಕ್ಕೂ ರಜೆ ಸಿಕ್ಕಿಲ್ಲ, ಆದರೆ ಆ ದಿನ ಸಂಜೆ ಆರೂವರೆಯಿಂದ ಏಳರವರೆಗೆ ರೇಡಿಯೋದಲ್ಲಿ ನಮ್ಮ ಆಸ್ಪತ್ರೆಯ ಹುಡುಗಿಯರ ಹಾಡು ಇದೆ, ಮೂರನೇ ಹಾಡಿನ ಮೊದಲ ಎರಡು ಸಾಲು ನಾನೊಬ್ಬಳೇ ಹಾಡುತ್ತೇನೆ, ಅವ್ವಾ, ನೀನು ಕೇಳಬೇಕು ಎಂದು ಬರೆದಿದ್ದಳು. ರೂತಾಬಾಯಿ ಆ ಕಾಗದವನ್ನು ನನಗೆ ತೋರಿಸಿ ಕೇಳಿದ್ದು ಇಷ್ಟೇ: ರೇಡಿಯೋದವರು ಆರೂವರೆ ಅಂದರೆ ಆರೂವರೆಗೇ ಶುರು ಮಾಡುತ್ತಾರೋ, ಹಿಂದೆ ಮುಂದೆ ಮಾಡುತ್ತಾರೋ? ಅವರು ಪ್ರತಿ ನಾತಾಳಕ್ಕೆ ಗೋಕಾಕದ ಗಿರಣಿಯ ಚಾಳಿನಲ್ಲಿರುವ ತಂಗಿಯ ಮನೆಗೆ ಹೋಗಿ, ಇಗರ್ಜಿಗೆ ಹೋಗಿ, ಮರುದಿನ ಬರುತ್ತಿದ್ದರು. ತಂಗಿಯ ಮನೆಯ ಬದಿಗೆ ಒಬ್ಬರಲ್ಲಿ ರೇಡಿಯೋ ಇತ್ತು. ಅಲ್ಲಿ ಕೇಳುವುದೆಂದು ಠರಾಯಿಸಿದ್ದರು. ನಮ್ಮ ಪೆಟ್ಟಿಗೆಯನ್ನು ಅವರು ಬೇಡಲೇ ಇಲ್ಲ.

ಸುದ್ದಿ ಗೌಡರ ಕಿವಿಗೆ ಬಿತ್ತು. ಗೌಡರ ಕಿರಿಯ ಸೊಸೆಗೆ ನಾತಾಳದ ವಾರವೇ ದಿನ ತುಂಬುತ್ತಿದ್ದವು. ನರ್ಸಬಾಯಿ ಎರಡು ದಿನ ಊರಲ್ಲಿರುವುದಿಲ್ಲ ಎಂದರೆ ಅವರು ಸುಮ್ಮನಿರುವ ಹಾಗಿರಲಿಲ್ಲ. ಆ ಸಂಜೆ ಭಜನೆ ಮುಗಿದ ಮೇಲೆ ಅವರು ಚಾವಡಿಯಲ್ಲಿ ವಿಷಯ ತೆಗೆದರು. ನಾತಾಳದ ದಿನ ಅರ್ಧ ತಾಸು ಅವರ ಹಾಡು ಇಲ್ಲೇ ಹಾಕೋಣ, ಬಾಯಿ ಊರಲ್ಲೇ ಉಳಿಯಲಿ ಅಂದರು. ಯಮನಪ್ಪಜ್ಜ ಮೊದಲು ಒಪ್ಪಲಿಲ್ಲ. ನಮ್ಮ ದೇವರಿಗೇ ಹೊತ್ತು ಸಾಲುವುದಿಲ್ಲ, ಅವರ ದೇವರನ್ನು ನಮ್ಮ ಚಾವಡಿಗೆ ಯಾಕೆ ತರುತ್ತೀರಿ ಅಂದರು.

"ಯಜ್ಜಾ, ನಿನ್ನ ಮೊಮ್ಮಗ ಅಡ್ಡ ತಿರಗಿದ್ದಾಗ ಒಳಗ ಕೈ ಹಾಕಿ ತಗದಾಕಿ ಯಾರು? ಆವತ್ತ ಯಾವ ದೇವರ ಕೈ ಅಂತ ಕೇಳಿದ್ದೇನು?" ಅಂದರು ಗೌಡರು.

ಬಹಳ ದೊಡ್ಡ ಮಾತು. ಕೇಳಿ ನನಗೂ ರೋಮಾಂಚನವಾಯಿತು. ಆದರೆ ಸೊಸೆಗೆ ದಿನ ತುಂಬುವುದು ಯುಗಾದಿಯ ಸುಮಾರಿಗೆ ಇದ್ದಿದ್ದರೆ ಗೌಡರು ಈ ಮಾತು ಆಡುತ್ತಿದ್ದರೇ ಎಂದು ಆಗಲೂ ಅನಿಸಿತ್ತು, ಈಗಲೂ ಅನಿಸುತ್ತದೆ. ಅಜ್ಜ ತಲೆಯ ಮೇಲಿನ ರುಮಾಲನ್ನು ಮುಟ್ಟಿ ನೋಡಿಕೊಂಡರು.

"ಆತು, ಅರ್ಧ ತಾಸು ಅಂದ್ರ ಅರ್ಧ ತಾಸು. ಆದರ ಆವತ್ತ ರುಮಾಲ ಬಿಚ್ಚಬೇಕೋ, ಇಟಗೋಬೇಕೋ? ಅದನ್ನ ಮೊದಲ ಹೇಳ್ರಿ."

ಚಾವಡಿ ನಕ್ಕಿತು. ಗೌಡರು ನನ್ನ ಕಡೆ ತಿರುಗಿ, ನೀವೇ ಹೋಗಿ ಬಾಯಿಗೆ ಹೇಳಿ ಬರ್ರಿ ಮಾಸ್ತರ, ಎಲ್ಲಿಗೂ ಹೋಗುವುದು ಬೇಡ, ಇಲ್ಲೇ ಕೇಳಿಸುತ್ತೇವೆ ಎಂದು ಹೇಳ್ರಿ ಅಂದರು. ಹೋಗಿ ಹೇಳಿದೆ. ರೂತಾಬಾಯಿ ಬಾಟಲಿಗಳನ್ನು ಬಿಸಿನೀರಲ್ಲಿ ತೊಳೆಯುತ್ತಿದ್ದರು. ತೊಳೆಯುವುದನ್ನು ನಿಲ್ಲಿಸದೆ ಕೇಳಿದರು.

"ಗ್ವಾಡಿ ಹಂತೇಕ ನಿಂತ ಕೇಳೂದೋ, ಹ್ಯಾಂಗ್ರಿ?"

"ಇಲ್ರಿ ಬಾಯಾರ, ಚಾವಡಿ ಮ್ಯಾಲ. ಕುರ್ಚಿ ಹಾಕಸ್ತೇವಿ."

ಕೈ ನಿಂತಿತು. ಒಂದು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು, ಅದರಲ್ಲಿ ಏನೂ ಇರಲಿಲ್ಲ. "ಆಗಲ್ರಿ ಹಂಗಾರ" ಅಂದರು.

ಅಲ್ಲಿಂದ ನನ್ನ ಎರಡನೇ ನೌಕರಿ ಶುರುವಾಯಿತು. ರೇಡಿಯೋದ ದನಿ ಅದಾಗಲೇ ಸಣ್ಣಗಾಗುತ್ತ ಬಂದಿತ್ತು. ದೀಪಾವಳಿಗೆ ಬರಬೇಕಾದ ಜೀಪು ಬಂದಿರಲಿಲ್ಲ. ಹೊಸ ಬ್ಯಾಟರಿಗೆ ಎರಡು ಅರ್ಜಿ ಬರೆದೆ, ಅವಕ್ಕೆ ಉತ್ತರವಿಲ್ಲ. ಇದ್ದ ಬ್ಯಾಟರಿಯನ್ನು ನಾತಾಳದವರೆಗೆ ಉಳಿಸಬೇಕೆಂದು ಮೊದಲು ಒಕ್ಕಲುತನದ ಮಾತು ನಿಲ್ಲಿಸಿದೆ. ಎರಡು ದಿನದ ಮೇಲೆ ಭಾವ ನಿಲ್ಲಿಸಿದೆ. ಆಮೇಲೆ ಭಜನೆಯನ್ನೂ ನಿಲ್ಲಿಸಿದೆ. ಒಬ್ಬಾಕೆಯ ಅರ್ಧ ತಾಸಿಗೆ ಊರೆಲ್ಲ ಉಪವಾಸ ಕೂಡಬೇಕೇನು ಎಂದು ಜನ ನನ್ನನ್ನು ಕೇಳಿದರು. ಅವರು ಅದನ್ನು ರೂತಾಬಾಯಿಗೆ ಕೇಳಿಸುವಂತೆಯೂ ಕೇಳಿದರು. ರೂತಾಬಾಯಿಯ ಪರವಾಗಿ ಜನರ ಸಿಟ್ಟನ್ನು ನಾನೇ ಗಳಿಸಿ ಕೊಟ್ಟಂತಾಯಿತು.

ಇಷ್ಟು ಮಾಡಿ ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಹತ್ತು ದಿನ ಬಿಡುವು ಸಿಕ್ಕ ಬ್ಯಾಟರಿ ಅರ್ಧ ತಾಸು ನಡೆದೇ ನಡೆಯುತ್ತಿತ್ತು ಎಂದು ಆಮೇಲೆ ಬಂದ ಮೆಕ್ಯಾನಿಕ್ ಹೇಳಿದ. ಆದರೆ ಸುಮ್ಮನಿರುವ ವಿದ್ಯೆ ನನಗೆ ಬಂದದ್ದಿಲ್ಲ. ಬಿಸಿಲಿಗಿಟ್ಟರೆ ಬ್ಯಾಟರಿಗೆ ಜೀವ ಬರುತ್ತದೆಂದು ನಮ್ಮ ಕಡೆ ಎಲ್ಲರೂ ನಂಬುತ್ತಾರೆ. ಸಾಲೆಯ ಮಾಳಿಗೆಯ ಮೇಲಿಟ್ಟೆ. ಆವತ್ತೇ ಮೋಡ ಕವಿಯಿತು. ಮೂರು ದಿನ ಬಿಸಿಲಿಲ್ಲ, ಬರೀ ಥಂಡಿ ಗಾಳಿ.

ಕಬ್ಬಿನ ಗಾಣಗಳು ನಡೆಯುವ ದಿನಗಳವು. ಊರ ಅಂಚಿನಲ್ಲಿ ಮಲ್ಲಪ್ಪ ಎಂಬವನು ಬೆಲ್ಲ ಬೇಯಿಸುತ್ತಿದ್ದ. ನನ್ನ ಮುಖ ನೋಡಿ ಅವನಿಗೆ ಮರುಕ ಬಂತು. ಬಿಸಿಲಿಗೇ ಯಾಕೆ ಕಾಯುತ್ತೀರಿ, ಗಾಣದ ಒಲೆಯ ಬಾಜೂಕ್ಕೆ ಇಟ್ಟು ನೋಡ್ರಿ, ಹಂಗಾಮು ಮುಗಿಯುವವರೆಗೆ ನನ್ನ ಕೈಬ್ಯಾಟರಿಯ ಸೆಲ್ಲು ಹೀಗೇ ನಡೆಯುತ್ತವೆ ಅಂದ. ಆ ಕಡೆಯ ಗಾಣದವರೆಲ್ಲ ಹಾಗೇ ಮಾಡುತ್ತಿದ್ದರು. ನಾತಾಳದ ಹಿಂದಿನ ದಿನ ಮಧ್ಯಾಹ್ನ ನಾನು ಆ ಬ್ಯಾಟರಿಯನ್ನು ಧೋತರದಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡವರ ಹಾಗೆ ಎದೆಗವಚಿಕೊಂಡು ಗಾಣಕ್ಕೆ ಹೋದೆ. ಒಲೆಯ ಬಾಯಿಯಿಂದ ಎರಡು ಮೊಳ ದೂರದಲ್ಲಿ ಒಂದು ಹಲಗೆ ಹಾಕಿ ಇಟ್ಟೆವು. ನಾನು ಬಾಜೂಕ್ಕೆ ಕುಕ್ಕರುಗಾಲಲ್ಲಿ ಕೂತು, ಜ್ವರ ಬಂದ ಮಗುವಿನ ಹಣೆ ಮುಟ್ಟುವಂತೆ ಮುಟ್ಟಿ ಮುಟ್ಟಿ ನೋಡುತ್ತಿದ್ದೆ.

ಒಂದು ತಾಸು ಹಾಗೆ ಕೂತ ಮೇಲೆ ಮಲ್ಲಪ್ಪ ಒಂದು ಎಲೆಯ ಮೇಲೆ ಬಿಸಿಬೆಲ್ಲ ಹಾಕಿ ತಂದುಕೊಟ್ಟ. ಕೊಪ್ಪರಿಗೆಯಿಂದ ಆಗತಾನೆ ತೆಗೆದದ್ದು, ಇನ್ನೂ ಜಗ್ಗಿದರೆ ಎಳೆ ಬರುವಂಥದು. ಚಿಕ್ಕವನಿದ್ದಾಗ ನಮ್ಮ ಕಾಕಾನ ಗಾಣದಲ್ಲಿ ಇದೇ ಎಳೆಬೆಲ್ಲವನ್ನು ಕಬ್ಬಿನ ಸಿಬಿರಿಗೆ ಸುತ್ತಿಕೊಂಡು ತಿನ್ನುತ್ತ, ನಾಲಿಗೆ ಸುಟ್ಟುಕೊಂಡು, ಸುಟ್ಟದ್ದನ್ನು ಅವ್ವನಿಗೆ ಹೇಳದೆ ಮೂರು ದಿನ ಸಪ್ಪಗೆ ಉಂಡದ್ದು ನೆನಪಾಯಿತು. ನನ್ನ ಆಯುಷ್ಯದಲ್ಲಿ ಚಿಂತೆ ಮಾಡದೆ ಕಳೆದ ಐದು ನಿಮಿಷವಿದ್ದರೆ ಆವತ್ತು ಆ ಎಲೆಯ ಮುಂದೆ ಕೂತದ್ದೇ. ಅಷ್ಟರಲ್ಲಿ ಒಲೆಗೆ ಉರುವಲು ಹಾಕುವವನು ಒಣ ರವದಿಯ, ಕಬ್ಬಿನ ಸೋಗೆಯ, ದೊಡ್ಡ ಹೊರೆ ನೂಕಿದ. ಉರಿ ಒಲೆಯ ಬಾಯಿಂದ ಹೊರಗೆ ಹಾರಿ, ಹಲಗೆಯನ್ನು ನೆಕ್ಕಿ, ಒಳಗೆ ಹೋಯಿತು.

ನೋಡಿದರೆ ಬ್ಯಾಟರಿಯ ನೆತ್ತಿಯ ಡಾಂಬರು ಕರಗಿ ನಾಲ್ಕೂ ಕಡೆ ಇಳಿಯುತ್ತಿತ್ತು. ಒಂದು ಮಗ್ಗುಲು ಉಬ್ಬಿತ್ತು. ಮಲ್ಲಪ್ಪ ಅದನ್ನು ದೂರಕ್ಕೆ ಎಳೆದು, ಬೆಲ್ಲದ ಪೆಂಟೆಯನ್ನು ತಟ್ಟುವ ಹಾಗೆ ಹಲಗೆಯಿಂದ ಡಾಂಬರನ್ನು ತಟ್ಟಿ ತಟ್ಟಿ ಮತ್ತೆ ನೆತ್ತಿಗೆ ಕೂರಿಸಿದ. ಮೇಲಿನದಷ್ಟೇ ಕರಗಿದೆ, ಒಳಗೇನೂ ಆಗಿಲ್ಲ ಅಂದ. ಅವನಿಗೆ ಬ್ಯಾಟರಿಯ ಒಳಗೆ ಏನಿರುತ್ತದೆಂದು ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ನಾನು ನಂಬಿದೆ, ನಂಬದೆ ಬೇರೆ ದಾರಿ ಇರಲಿಲ್ಲ.

ಚಾವಡಿಗೆ ತಂದು ತಂತಿ ಜೋಡಿಸಿ ಕಿವಿ ಹಚ್ಚಿದೆ. ಕಡ್ಡಿಪೆಟ್ಟಿಗೆಯೊಳಗೆ ಸಿಕ್ಕ ನೊಣದಂತೆ ಏನೋ ಗುಂಯ್ ಅಂದಿತು. ಒಂದು ಶಬ್ದ ಕೂಡ ಕೇಳಿಸಿದಂತಾಯಿತು, ಗೋದಿ ಅಂದರೋ ಏನೋ. ಕೂಡಲೆ ಬಂದ್ ಮಾಡಿದೆ. ಇನ್ನೊಂದು ನಿಮಿಷ ಕೇಳಿದ್ದರೆ ಖರೆ ಗೊತ್ತಾಗುತ್ತಿತ್ತು. ಬ್ಯಾಟರಿ ಉಳಿಸುತ್ತಿದ್ದೇನೆ ಎಂದುಕೊಂಡೆ. ಖರೆ ಗೊತ್ತಾಗುವುದನ್ನು ತಪ್ಪಿಸುತ್ತಿದ್ದೆ.

ನಾತಾಳದ ದಿನ ಹನ್ನೆರಡಕ್ಕೆ ರೂತಾಬಾಯಿ ಸಾಲೆಯ ಪಾವಟಿಗೆಯ ಹತ್ತಿರ ಬಂದು ನಿಂತರು. ಕೈಯಲ್ಲಿ ಚೀಲವಿತ್ತು. ಗಾಣದ ಸುದ್ದಿ ಅವರ ತನಕ ಹೋಗಿರಬೇಕು, ಊರೆಷ್ಟು ದೊಡ್ಡದು.

"ಮಾಸ್ತರ, ನನಗೊಂದ ಖರೆ ಮಾತ ಹೇಳ್ರಿ. ನಿಮ್ಮ ಪೆಟಗಿ ಇವತ್ತ ಮಾತಾಡತೈತಿಲ್ಲೋ? ಮಾತಾಡಾಂಗಿಲ್ಲಂದ್ರ ನಾ ಏನೂ ಅನ್ನೂದಿಲ್ಲ. ಕುಲಗೋಡಕ್ಕ ನಡದ ಹೋದ್ರ ಎರಡರ ಬಸ್ಸು ಸಿಗತೈತಿ."

ಅಂದು ನಾನು ಹೇಳಬೇಕಾಗಿದ್ದ ಮಾತು ಬಹಳ ಸಣ್ಣದು. ಗೊತ್ತಿಲ್ರಿ ಎಂದರೆ ಸಾಕಿತ್ತು. ಅದು ಸುಳ್ಳೂ ಅಲ್ಲ, ಯಾರ ಮೇಲೂ ತಪ್ಪು ಹೊರಿಸಿದಂತೆಯೂ ಅಲ್ಲ. ಆದರೆ ಅದನ್ನಂದರೆ ಗಾಣದ ಕಥೆ ಹೇಳಬೇಕು, ಗೌಡರಿಗೆ ಉತ್ತರ ಕೊಡಬೇಕು, ಹತ್ತು ದಿನ ಭಜನೆ ಇಲ್ಲದೆ ಕೂತ ಊರಿನ ಮುಂದೆ ತಲೆ ತಗ್ಗಿಸಬೇಕು. ಇಷ್ಟೂ ಚಿಂತೆ ಒಂದು ಉಸಿರಿನಲ್ಲಿ ಬಂದು ಹೋಯಿತು.

"ಮಾತಾಡತೈತ್ರಿ ಬಾಯಾರ" ಅಂದೆ.

ಅವರು ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡು ದವಾಖಾನೆಯ ಕಡೆ ತಿರುಗಿದರು. ಆ ವರ್ಷ ಅವರಿಗೆ ಇಗರ್ಜಿಯೂ ಇಲ್ಲ, ತಂಗಿಯೂ ಇಲ್ಲ. ನನ್ನ ಒಂದು ಮಾತಿಗೆ ಅವನ್ನೆಲ್ಲ ಬಿಟ್ಟು ತಿರುಗಿದರು.

ಸಂಜೆ ಚಾವಡಿ ಎಂದಿಗಿಂತ ಹೆಚ್ಚು ತುಂಬಿತ್ತು. ಹತ್ತು ದಿನದ ಮೇಲೆ ಪೆಟ್ಟಿಗೆ ಬಾಯಿ ಬಿಡುತ್ತದೆಂದು ಎಲ್ಲರೂ ಬಂದಿದ್ದರು. ಸಾಲೆಯಿಂದ ನನ್ನ ಕುರ್ಚಿ ತರಿಸಿ ಮುಂದೆ ಹಾಕಿಸಿದ್ದೆವು. "ಮ್ಯಾಲ ಬರ್ರಿ ಬಾಯಿ" ಎಂದು ಗೌಡರೇ ಕರೆದರು. ರೂತಾಬಾಯಿ ಗಂಜಿ ಹಾಕಿದ ಬಿಳಿ ಸೀರೆ ಉಟ್ಟು ಬಂದಿದ್ದರು. ಚಪ್ಪಲಿಯನ್ನು ಕೆಳಗೆ ಬಿಟ್ಟು, ಆ ನಾಲ್ಕು ಪಾವಟಿಗೆಗಳನ್ನು ಒಂದೊಂದಾಗಿ ಹತ್ತಿ, ಕುರ್ಚಿಯ ತುದಿಯಲ್ಲಿ ಕೂತರು. ಎದುರಿನ ಮನೆಗಳ ಕಟ್ಟೆಯ ಮೇಲೆ ಹೆಂಗಸರು ಸೇರಿದ್ದರು. ಯಮನಪ್ಪಜ್ಜ ಯಾರನ್ನೂ ಕೇಳದೆ ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡರು.

ರೂತಾಬಾಯಿಯ ಗಡಿಯಾರದಲ್ಲಿ ಆರೂವರೆ ಆದಾಗ ಗುಂಡಿ ತಿರುವಿದೆ. ಗುಂಯ್ ಅಂದಿತು. "ಈಗ ಕ್ರಿಸ್ಮಸ್ ಹಬ್ಬದ" ಎಂದು ಒಂದು ದನಿ ಶುರು ಮಾಡಿ, ಬಾವಿಯ ಮೆಟ್ಟಿಲು ಇಳಿಯುತ್ತ ಮಾತಾಡುವವರ ಹಾಗೆ ಸಣ್ಣಗಾಗುತ್ತ ಹೋಗಿ, ನಿಂತಿತು. ತಂತಿ ಬಿಗಿದೆ. ಪೆಟ್ಟಿಗೆ ತಟ್ಟಿದೆ. ಬ್ಯಾಟರಿ ತೆಗೆದು ತಿರುಗಿ ಕೂರಿಸಿದೆ. ಬೆರಳಿಗೆಲ್ಲ ಡಾಂಬರು. ಏನಾತ್ರಿ ಮಾಸ್ತರ ಎಂದು ಗೌಡರು ಕೇಳಿದಾಗ ನಾನು ಪೆಟ್ಟಿಗೆಗೆ ಮುಖ ಮಾಡಿಕೊಂಡೇ ಎಲ್ಲವನ್ನೂ ಹೇಳಿದೆ. ಒಲೆಯ ಮುಂದೆ ಇಟ್ಟದ್ದು, ಬೆಲ್ಲ ತಿಂದದ್ದು, ಮಧ್ಯಾಹ್ನ ಗೊತ್ತಿಲ್ಲದೆಯೂ ಗೊತ್ತಿದ್ದವನಂತೆ ಮಾತಾಡತೈತಿ ಅಂದದ್ದು. ಯಾರಾದರೂ ಬೈಯಲಿ ಎಂದು ಕಾದೆ. ಯಾರೂ ಬೈಯಲಿಲ್ಲ.

ರೂತಾಬಾಯಿ ಏಳಲಿಲ್ಲ. ಗಡಿಯಾರವನ್ನು ಬೆರಳಲ್ಲಿ ಎತ್ತಿ ಹಿಡಿದು ನೋಡುತ್ತ ಕೂತರು. ಅವರು ಏಳದ್ದಕ್ಕೆ ಬೇರೆಯವರೂ ಏಳಲಿಲ್ಲ. ಹೀಗೆ ಸತ್ತ ಪೆಟ್ಟಿಗೆಯ ಮುಂದೆ ಒಂದು ಊರು ಅರ್ಧ ತಾಸು ಕೂತಿತು. ಕೆಮ್ಮು ಬಂದವರು ತಡೆದುಕೊಂಡರು. ಹಾಡು ಬರುತ್ತಲೇ ಇತ್ತು, ಅದೇ ನನ್ನನ್ನು ಕೊರೆಯುವುದು. ಚಾವಡಿಗೂ ಸಾಲೆಗೂ ನಡುವೆ ಎಳೆದ ಆ ತಂತಿಯನ್ನು ಕರುಣಾಳ ದನಿ ಹಾಯ್ದು ಹೋಗುತ್ತಿತ್ತು. ಗೋಕಾಕದ ಚಾಳಿನಲ್ಲಿ, ಹುಕ್ಕೇರಿಯ ಚಹಾದ ಅಂಗಡಿಯಲ್ಲಿ, ಎಲೆ ಅಡಿಕೆ ಹಾಕಿಕೊಳ್ಳುತ್ತ ಯಾರ್ಯಾರೋ ಸಂಬಂಧವಿಲ್ಲದವರು ಅದನ್ನು ಕೇಳುತ್ತಿದ್ದರು. ಯಾರಿಗಾಗಿ ಹಾಡಿದ್ದಳೋ ಅವರು ಅದರ ಕೆಳಗೇ ಕೂತಿದ್ದರು. ಇಪ್ಪತ್ತು ನಿಮಿಷ ಕಳೆದಿರಬೇಕು, ಅವರು ಒಮ್ಮೆ ಕಣ್ಣು ಮುಚ್ಚಿದರು, ಸ್ವಲ್ಪ ಹೊತ್ತಿಗೆ ತೆರೆದರು. ಏಳಕ್ಕೆ ಗಡಿಯಾರ ಬಿಟ್ಟು ಎದ್ದರು.

"ಮುಗೀತ್ರಿ" ಅಂದರು. ಕುರ್ಚಿ ಹಾಕಿಸಿದ್ದಕ್ಕೆ ಗೌಡರಿಗೆ ಕೈ ಮುಗಿದರು. ಪಾವಟಿಗೆ ಇಳಿದು ಚಪ್ಪಲಿ ಮೆಟ್ಟಿಕೊಂಡು ಹೋದರು.

ಮೂರನೇ ದಿನ ಗೌಡರ ಸೊಸೆಗೆ ಹೆಣ್ಣು ಹುಟ್ಟಿತು. ರೂತಾಬಾಯಿಯೇ ಹೋಗಿ ಹೆರಿಗೆ ಮಾಡಿಸಿದರು. ನಾಲ್ಕನೇ ದಿನ ಜೀಪು ಬಂತು, ಹೊಸ ಬ್ಯಾಟರಿ ಬಂತು, ಮೆಕ್ಯಾನಿಕ್ ಹಳೆಯದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ಆ ಸಂಜೆ ಭಜನೆ ಗಟ್ಟಿಯಾಗಿ ಕೇಳಿಸಿತು. ರೂತಾಬಾಯಿಯ ಕುರ್ಚಿ ಸಾಲೆಗೆ ಮರಳಿತ್ತು. ಅವರು ಸಾಲೆಯ ಗೋಡೆಯ ಹತ್ತಿರವೂ ನಿಲ್ಲಲು ಬರಲಿಲ್ಲ. ಮ್ಯಾಲ ಬರ್ರಿ ಎಂದು ಇನ್ನೊಮ್ಮೆ ಕರೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ. ಹೊಳೆದವನು ನಾನೊಬ್ಬ, ನಾನು ಹೋಗಲಿಲ್ಲ. ಯಾವ ಮುಖದಿಂದ ಹೋಗಬೇಕು?

ಹೆಚ್ಚಾಗಬೇಕೋ, ಕಡಿಮೆಯಾಗಬೇಕೋ? ದೇಸಾಯರಂಥವರು ಬರೆಯುತ್ತಲೇ ಇರಲಿ. ದಿನವಿಡೀ ಹಾಕಲಿ, ಟೆಲಿವಿಷನ್ನಿನಲ್ಲಿ ಇಗರ್ಜಿಯನ್ನು ನೆಲದಿಂದ ಗಂಟೆಯವರೆಗೆ ತೋರಿಸಲಿ. ಪೆಟ್ಟಿಗೆಯಿಂದ ಎಷ್ಟೆಷ್ಟು ದೇವರು ಬಂದರೂ ಅದರ ಈಚೆ ನನ್ನಂಥವನೊಬ್ಬ ಕೀಲಿ ಹಿಡಿದು ಕೂತಿರುತ್ತಾನೆ. ಭಯಕ್ಕೆ ಒಂದು ಸಣ್ಣ ಸುಳ್ಳು ಹೇಳುತ್ತಾನೆ. ಅದಕ್ಕೆ ಯಾವ ನಿಲಯದಲ್ಲೂ ಪರಿಹಾರವಿಲ್ಲ. ವಯಸ್ಸಾದಂತೆ ಇದು ಸರಿಹೋದೀತೆಂದು ಮೊದಲು ಅಂದುಕೊಳ್ಳುತ್ತಿದ್ದೆ. ಈಗ ಅದನ್ನೂ ಅಂದುಕೊಳ್ಳುವುದಿಲ್ಲ.

ಹೊಸ ವರ್ಷದ ಎರಡನೇ ವಾರ ಕರುಣಾಳ ಇನ್ನೊಂದು ಕಾಗದ ಬಂತು. ಸಾಲೆ ಬಿಡುವ ಹೊತ್ತಿಗೆ ರೂತಾಬಾಯಿ ಅದನ್ನು ಹಿಡಿದುಕೊಂಡು ಬಂದರು. ಆ ದಿನದ ನಂತರ ಅವರು ನನ್ನ ಹತ್ತಿರ ಬಂದದ್ದು ಅದೇ ಮೊದಲು. ಅವ್ವಾ ಕೇಳಿದೆಯಾ, ನನ್ನ ದನಿ ಗೊತ್ತಾಯಿತೇ, ಹೇಗಿತ್ತು ಬರಿ ಎಂದು ಮಗಳು ಬರೆದಿದ್ದಳು. ನನಗೆ ಕೂಡಲಾಗಲಿಲ್ಲ, ಎದ್ದು ನಿಂತೆ.

"ಬಾಯಾರ, ಖರೇದನ್ನ ಬರದಬಿಡ್ರಿ. ನನ್ನ ಹೆಸರ ಹೇಳಿ ಬರೀರಿ" ಅಂದೆ.

"ಅಲ್ಲಿ ಒಬ್ಬಾಕೀನ ಅದಾಳ್ರಿ. ಅವ್ವ ಕೇಳಾಕತ್ತಾಳ ಅಂತ ತಿಳಕೊಂಡ ಹಾಡ್ಯಾಳ. ಈಗ ಅದನ್ಯಾಕ ಕಸಗೋಳೂದು?" ಅಂದು ಬೆಂಚಿನ ಮೇಲೆ ಕೂತು ಮಡಿಲಿನಿಂದ ಒಂದು ಕಾರ್ಡು ತೆಗೆದರು. ನನ್ನ ಮೇಜಿನ ಮೇಲಿನ ಟಾಕು ತೆಗೆದುಕೊಂಡು ಮಸಿಯಲ್ಲಿ ಅದ್ದಿ, ಬರೆಯದೆ ಕೇಳಿದರು.

"ಮಾಸ್ತರ, ನೀವು ರೇಡಿಯೋ ಭಾಳ ಕೇಳಿದವರು. ನಮಗ ಗೊತ್ತಿದ್ದವರ ದನಿ ಅದರಾಗ ಹ್ಯಾಂಗ ಕೇಳತೈತ್ರಿ? ಇದ್ದಂಗ ಕೇಳತೈತೋ, ಬ್ಯಾರೆ ಆಗತೈತೋ?"

ನನಗೆ ಗೊತ್ತಿದ್ದವರು ಯಾರೂ ರೇಡಿಯೋದಲ್ಲಿ ಮಾತಾಡಿದ್ದಿಲ್ಲ. ಆದರೂ ಹೇಳಿದೆ. ಸ್ವಲ್ಪ ಮೂಗಿನಿಂದ ಬಂದ ಹಾಗೆ ಕೇಳುತ್ತದೆ ಅಂದೆ. ಅವರು ತಲೆಯಾಡಿಸಿ ಬರೆಯಲು ಬಗ್ಗಿದರು. ಕಾರ್ಡಿನ ತುದಿಯವರೆಗೆ ಬರೆದು, ಮಸಿ ಆರಲೆಂದು ನನ್ನ ಮೇಜಿನ ಮೇಲಿಟ್ಟು, ಕೈ ತೊಳೆಯಲು ಹೋದರು. ಅದನ್ನು ಓದುವ ಹಕ್ಕು ನನಗಿರಲಿಲ್ಲ, ಓದಿದೆ. ಕ್ಷೇಮಸಮಾಚಾರದ ಕೆಳಗೆ ಅವರು ಬರೆದಿದ್ದರು: ಮೂರನೇ ಹಾಡು ಶುರು ಆದ ಕೂಡಲೆ ಇದು ನಿನ್ನ ದನಿ ಅಂತ ಗುರತ ಹಿಡದೆ. ಊರ ಮಂದಿಯೆಲ್ಲಾ ಕೇಳಿದರು, ಗೌಡರು ನನಗ ಚಾವಡಿ ಮ್ಯಾಲ ಕುರ್ಚಿ ಹಾಕಿಸಿದ್ದರು. ದನಿ ಮಾತ್ರ ಸ್ವಲ್ಪ ಮೂಗಿನ್ಯಾಗ ಬರತಿತ್ತು. ನೆಗಡಿ ಆಗಿತ್ತೇನ? ಥಂಡ್ಯಾಗ ತಲಿ ತೊಯಿಸಿಕೋಬ್ಯಾಡ.